ಲೆಕ್ಕ ಬಯಲಾದರೆ ಊರು ಒಂದಾಗುತ್ತದೆಯೇ?

ಪರ: ವೈಟ್‌ಫೀಲ್ಡ್ ನಿವಾಸಿ

ಆಗುತ್ತದೆ. ವಾಟ್ಸ್ಯಾಪ್ ಗುಂಪಿನಲ್ಲಿ ರಸ್ತೆ ಗುಂಡಿಯನ್ನು ಬೈಯುವುದಕ್ಕೂ, ಆ ರಸ್ತೆಯ ಜಾಬ್ ಕೋಡ್ ಹಿಡಿದು ಎಂಜಿನಿಯರ್ ಎದುರು ಕೂರುವುದಕ್ಕೂ ಅಜಗಜಾಂತರ. ಪಾಲಿಕೆಯ ಪ್ರತಿ ಕಾಮಗಾರಿಗೂ ಒಂದು ಜಾಬ್ ಕೋಡ್ ಇರುತ್ತದೆ. ಬಿಬಿಎಂಪಿ ಕಾಲದಲ್ಲಿ ಅದರ ಮೊದಲ ಅಂಕಿಗಳೇ ವಾರ್ಡ್ ನಂಬರು. ನಮ್ಮದು 84, ಹಗದೂರು. ಕೆಲಸದ ಹೆಸರು, ಗುತ್ತಿಗೆದಾರ, ಬಿಲ್ ಮೊತ್ತ ಎಲ್ಲ ಒಂದೇ ಸಾಲಿನಲ್ಲಿ. ಆ ಹಾಳೆ ಹಿಡಿದು ಬೀದಿ ಸುತ್ತಿ ನೋಡಿ. ಹೂಳೆತ್ತಿದ್ದಕ್ಕೆ ಬಿಲ್ ಪಾಸಾಗಿದೆ, ಚರಂಡಿಯಲ್ಲಿ ಹೂಳು ಮೊಣಕಾಲುದ್ದ! ಅಂಗಡಿಯವರು, ಪಿಜಿ ಮಾಲೀಕರು, ಲಿಫ್ಟಿನಲ್ಲೂ ಮುಖ ಕೊಟ್ಟು ಮಾತಾಡದ ಅಪಾರ್ಟ್‌ಮೆಂಟಿನವರು ಅರ್ಧ ಗಂಟೆಯಲ್ಲಿ ಆ ಚರಂಡಿಯ ಅಂಚಿಗೆ ಬಂದು ನಿಂತಿರುತ್ತಾರೆ. ಗಣೇಶನ ಚಂದಾ ಕೂಡ ಇಷ್ಟು ಬೇಗ ಜನ ಸೇರಿಸದು.

ಇದೇನೂ ಐಟಿಯವರ ಹೊಸ ಹುಚ್ಚಲ್ಲ. ಸ್ಯಾಮ್ಯುಯೆಲ್ ಪಾಲ್ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1994ರಲ್ಲೇ ನಾಗರಿಕರಿಂದ ಅಂಕ ಹಾಕಿಸಿ, ಬೆಂಗಳೂರಿನ ಸೇವಾ ಸಂಸ್ಥೆಗಳ ರಿಪೋರ್ಟ್ ಕಾರ್ಡ್ ಹೊರಡಿಸಿತ್ತು. ಬಿಡಿಎ ಕೆಲಸ ತೃಪ್ತಿ ತಂದಿದೆ ಎಂದವರು ನೂರಕ್ಕೆ ಒಬ್ಬರು. 1999ರಲ್ಲಿ ಅಂಕ ತುಸು ಏರಿತು, 2003ರಲ್ಲಿ ಚೆನ್ನಾಗಿಯೇ ಏರಿತು.

2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇರಲಿಲ್ಲ. ಕೇಳುವವರಿಲ್ಲದ ಆ ಹೊತ್ತಿನಲ್ಲಿ ನಮ್ಮ ಕೈಯಲ್ಲಿದ್ದದ್ದು ಈ ಜಾಬ್ ಕೋಡ್ ಪಟ್ಟಿಗಳಷ್ಟೆ.

ಇದೆಲ್ಲ ಉಳ್ಳವರ ಆಟ ಎನ್ನುತ್ತಾರೆ. ಯಾರಾದರೂ ಶುರು ಮಾಡಬೇಕಲ್ಲ! ಮನೆಗೆಲಸದವರು, ಸೆಕ್ಯೂರಿಟಿಯವರು ನಮ್ಮ ಸಭೆಗಳಿಗೆ ಬಂದಿಲ್ಲ, ನಿಜ. ಸಭೆ ಶನಿವಾರ ಬೆಳಿಗ್ಗೆ. ಆ ಹೊತ್ತಿಗೆ ಅವರು ನಮ್ಮ ಮನೆಗಳಲ್ಲೇ ಕೆಲಸದಲ್ಲಿರುತ್ತಾರೆ.

ವಿರೋಧ: ಪೀಣ್ಯದ ಕಾರ್ಮಿಕ ಸಂಘಟಕ

ಡೇಟಾ ಎಣಿಸುವುದು ವಿಳಾಸ ಇದ್ದವರನ್ನು. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ, ಮೆಷಿನ್ ಶಾಪ್‌ಗಳಲ್ಲಿ ದುಡಿಯುವ ಎಷ್ಟೋ ಜನರ ಓಟು ಊರಿನಲ್ಲೇ ಇದೆ. ಇಲ್ಲಿರುವುದು ಕರಾರುಪತ್ರವಿಲ್ಲದ ಶೀಟ್ ಮನೆ. ಆ್ಯಪ್‌ಗೆ ಫೋಟೊ ಹಾಕುವವರು ಹೆಚ್ಚಿರುವ ಕಡೆಯೇ ಗುಂಡಿ ಹೆಚ್ಚು ಎನ್ನುತ್ತದೆ ನಕ್ಷೆ. ಡಾಂಬರೂ ಅಲ್ಲಿಗೇ.

ಎರಡನೆಯದು, ಕೊಟ್ಟ ವಿವರ ಯಾರ ಕೈ ಸೇರುತ್ತದೆ? 2022ರ ನವೆಂಬರಿನ ಚಿಲುಮೆ ಪ್ರಕರಣ ಎಲ್ಲರಿಗೂ ಗೊತ್ತು. ಮತದಾರರ ಜಾಗೃತಿಗೆಂದು ಪಾಲಿಕೆಯ ಅನುಮತಿ ಪಡೆದ ಸಂಸ್ಥೆ, ಮನೆಮನೆಯ ಮಾಹಿತಿ ಬಾಚಿಕೊಂಡಿತೆಂಬ ಆರೋಪ. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಗಳನ್ನು ಮತ್ತೆ ಪರಿಶೀಲಿಸಲು ಚುನಾವಣಾ ಆಯೋಗ ಆದೇಶಿಸಿತು. ವೈಟ್‌ಫೀಲ್ಡ್ ಇರುವುದು ಮಹದೇವಪುರದಲ್ಲೇ. ಅದನ್ನು ಅಲ್ಲಿಯವರು ಯಾಕೋ ಎತ್ತುವುದಿಲ್ಲ.

ಇನ್ನು ಎಲೆಕ್ಟ್ರಾನಿಕ್ ಸಿಟಿ. 2013ರಿಂದ ಅದಕ್ಕೆ ತನ್ನದೇ ಟೌನ್‌ಶಿಪ್ ಪ್ರಾಧಿಕಾರ. ರಸ್ತೆ, ಕ್ಯಾಮೆರಾ, ಲೆಕ್ಕಪತ್ರ ಎಲ್ಲ ಅಚ್ಚುಕಟ್ಟು; ಜನ ಓಟು ಹಾಕಿ ಆರಿಸಿದ ಸದಸ್ಯ ಮಾತ್ರ ಇಲ್ಲ. ಲೆಕ್ಕ ಚೆನ್ನಾಗಿದ್ದರೆ ಪ್ರಜೆ ಬೇಕಿಲ್ಲ ಎಂದಾಯಿತೇ?

ಹಾಗಂತ ಕಾಗದವೇ ಬೇಡ ಎನ್ನುತ್ತಿಲ್ಲ. ಕನಿಷ್ಠ ವೇತನದ ದರಪಟ್ಟಿಯನ್ನು ಕಾರ್ಖಾನೆ ಗೋಡೆಗೆ ಅಂಟಿಸಿ ಎಂದು ಹಟ ಹಿಡಿಯುವವರೇ ನಾವು. ಅಂಟಿಸಿದ ದಿನ, ಅದುವರೆಗೆ ತುಟಿ ಬಿಚ್ಚದ ಹೆಂಗಸರೂ ಪಿಎಫ್ ಎಲ್ಲಿ ಕಟ್ಟಿದ್ದೀರಿ ತೋರಿಸಿ ಎನ್ನುತ್ತಾರೆ. ಅಷ್ಟರ ಮಟ್ಟಿಗೆ ವೈಟ್‌ಫೀಲ್ಡ್‌ನ ಮೇಡಂ ಹೇಳುವುದು ಸರಿಯೇ ಇರಬಹುದು. ಆ ಜಾಬ್ ಕೋಡ್ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪೀಣ್ಯ ಎರಡನೇ ಹಂತದ ಟೀ ಅಂಗಡಿಗಳಿಗೂ ಕಳಿಸಲಿ. ಸಭೆಯನ್ನು ಶಿಫ್ಟ್ ಬಿಟ್ಟ ಮೇಲೆ ಇಡಲಿ.