ಸಸಿ ಕೊಳ್ಳೋ ಮುಂಚೆ ತಾಯಿ ಯಾವುದು ಅಂತ ಕೇಳಿ

ಕಳೆದ ವಾರ ಹಳಿಯಾಳ ಕಡೆಯ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದ. ಟ್ರೇ ತುಂಬ ಜಿ-9 ಬಾಳೆ ಸಸಿ, ಒಂದೇ ಎತ್ತರ, ಒಂದೇ ಹಸಿರು. ಕೆಳಗೆ ಬರೆದಿದ್ದ: "ಅಣ್ಣಾರ, ಟಿಶ್ಯೂ ಕಲ್ಚರ್ ಅಂತ. ರೋಗ ಬರಂಗಿಲ್ಲಂತ. ತಗೊಳ್ಳೇನ್ರಿ?" ಇದರ ತಾಯಿ ಗಿಡ ಯಾವುದು, ಪರೀಕ್ಷೆ ಮಾಡಿದ್ದು ಯಾರು ಅಂತ ನಾನು ತಿರುಗಿ ಕೇಳಿದೆ. "ಮಾರಾವ್ರನ್ನ ಕೇಳ್ತೀನ್ರಿ" ಅಂದ. ಇನ್ನೂ ಉತ್ತರ ಬಂದಿಲ್ಲ.

ಈ ಪ್ರಶ್ನೆಯನ್ನ ನಾನು ತೋಟಗಾರಿಕೆ ಕಾಲೇಜಿನಲ್ಲಿ ಕಲಿತಿದ್ದಲ್ಲ. ಅಲ್ಲಿ ಪರೀಕ್ಷೆಗೆ ನಾಲ್ಕು ಪುಟ ಬರೆದಿದ್ದೆ, ಮಾರ್ಕ್ಸೂ ಬಂದಿತ್ತು. ನಿಜವಾಗಿ ಕಲಿತಿದ್ದು ಜೋಯಿಡಾದ ನಮ್ಮ ಅಡಿಕೆ ತೋಟದಲ್ಲಿ, ದುಡ್ಡು ಕಳ್ಕೊಂಡು. ಊರಿಗೆ ವಾಪಸ್ ಬಂದ ವರ್ಷ ಒಂದು ನರ್ಸರಿಯಿಂದ 400 ಕಾಳುಮೆಣಸಿನ ಸಸಿ ತಂದೆ. ಪಣಿಯೂರು-1 ಅಂದ್ರು, ನಂಬಿದೆ. ಒಂದು ಕೊಟ್ಟೆಯನ್ನಾದ್ರೂ ಬಿಚ್ಚಿ ಬೇರು ನೋಡ್ಲಿಲ್ಲ. ಎರಡನೇ ಮಳೆಗಾಲಕ್ಕೆ ಬಹಳಷ್ಟು ಬಳ್ಳಿಗಳ ಎಲೆ ಸಣ್ಣಗಾಗಿ ಸುಕ್ಕಾಯ್ತು, ಗೆಣ್ಣು ಹತ್ತಿರ ಹತ್ತಿರ ಬಂದು ಬಳ್ಳಿ ಕುಳ್ಳಾಗೇ ನಿಂತಿತು. ಅದು ವೈರಸ್. ಅದಕ್ಕೆ ಔಷಧಿ ಇಲ್ಲ. ಅಪ್ಪ ಏನೂ ಅನ್ನಲಿಲ್ಲ. ಕತ್ತಿ ತಗೊಂಡು ಹೋಗಿ ಬಳ್ಳಿ ಕಿತ್ತು ಸುಟ್ಟರು. ಬೈದಿದ್ರೇ ಚೆನ್ನಾಗಿತ್ತು.

ಬೀಜದಿಂದ ಹುಟ್ಟಿದ ಗಿಡಕ್ಕೆ ಅಪ್ಪ ಅಮ್ಮ ಇಬ್ಬರ ಗುಣ ಇರುತ್ತೆ. ತುಂಡಿನಿಂದ ಬೆಳೆಸಿದ್ದು ಹಾಗಲ್ಲ, ಅದು ತಾಯಿಯ ನಕಲು. ತಾಯಿಯ ಇಳುವರಿಯೂ ಬರುತ್ತೆ, ತಾಯಿ ಮೈಯಲ್ಲಿರೋ ರೋಗವೂ ಬರುತ್ತೆ. ಹಳಿಯಾಳದಲ್ಲಿ ಕಬ್ಬಿನ ತುಂಡು ನೆಡೋದು, ಮುಂಡಗೋಡದಲ್ಲಿ ಶುಂಠಿ ಗಡ್ಡೆ ನೆಡೋದು ಎಲ್ಲ ಇದೇ ಕೆಲಸ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಇರೋದ್ರಿಂದ 'ಕ್ಲೋನ್' ಅಂದ ತಕ್ಷಣ ನಮ್ಮವರಿಗೆ ನೀಲಗಿರಿ, ಅಕೇಶಿಯಾ ನೆನಪಾಗುತ್ತೆ. ಆದ್ರೆ ಮನೆ ಹಿಂದಿನ ಬಾಳೆ ಮರಿಯೂ ಕ್ಲೋನೇ.

ಹಾಗಾದ್ರೆ ಲ್ಯಾಬಿನ ಸಸಿ ಸುರಕ್ಷಿತ ಅಲ್ವಾ? ಅರ್ಧ ಮಾತ್ರ. ಬಾಟಲಿಯೊಳಗೆ ಶಿಲೀಂಧ್ರ, ಬ್ಯಾಕ್ಟೀರಿಯಾ ಇದ್ರೆ ಸಾಮಾನ್ಯವಾಗಿ ಅಲ್ಲೇ ಕಾಣಿಸುತ್ತೆ, ಆ ಬಾಟಲಿ ಎಸೀತಾರೆ. ವೈರಸ್ ಕಾಣಿಸೋದಿಲ್ಲ. ತಾಯಿ ಗಿಡದಲ್ಲಿ ಗುಚ್ಛ ತಲೆ ರೋಗದ ವೈರಸ್ ಇದ್ರೆ ಆ ಒಂದು ಮೊಳಕೆಯಿಂದ ಸಾವಿರಾರು ರೋಗದ ಸಸಿ ತಯಾರಾಗುತ್ತೆ, ಅದೂ ಬಹಳ ಚಂದವಾಗಿ. ಅದಕ್ಕೇ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಎನ್‌ಸಿಎಸ್-ಟಿಸಿಪಿ ಅನ್ನೋ ಪ್ರಮಾಣೀಕರಣ ವ್ಯವಸ್ಥೆ ಮಾಡಿದೆ. ಬಾಳೆಯಲ್ಲಿ ನಾಲ್ಕು ವೈರಸ್‌ಗೆ ಪರೀಕ್ಷೆ ಆಗ್ಬೇಕು. ಮಾನ್ಯತೆ ಪಡೆದ ಲ್ಯಾಬ್‌ಗಳ ಪಟ್ಟಿ ಫೋನಿನಲ್ಲೇ ಸಿಗುತ್ತೆ. ಮಾರುವವರ ಹತ್ತಿರ ಬ್ಯಾಚಿನ ಪ್ರಮಾಣಪತ್ರ ಕೇಳಿ. ಮುಖ ಗಂಟು ಹಾಕಿದ್ರೆ ಬೇರೆ ಕಡೆ ಹೋಗಿ.

ಪ್ರಮಾಣಪತ್ರ ಇದ್ರೂ ಮಣ್ಣಿನಲ್ಲಿರೋ ರೋಗಕ್ಕೆ ಅದು ರಕ್ಷಣೆ ಅಲ್ಲ. ನಂಜನಗೂಡು ರಸಬಾಳೆಯನ್ನ ಮೂಲೆಗೆ ತಳ್ಳಿದ್ದು ಪನಾಮಾ ಸೊರಗು ರೋಗ. ಆ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತೆ. ಅಂಥ ಹೊಲದಲ್ಲಿ ಎಷ್ಟು ಶುದ್ಧ ಸಸಿ ನೆಟ್ರೂ ಸೊರಗುತ್ತೆ. ಇನ್ನೊಂದು ಮಾತು, ಸ್ವಲ್ಪ ಜನಕ್ಕೆ ಸಿಟ್ಟು ಬರಬಹುದು: ಜೀವಾಮೃತದಲ್ಲಿ ಅದ್ದಿದ್ರೆ ಸಸಿಯ ವೈರಸ್ ಹೋಗುತ್ತೆ ಅಂತ ನಮ್ಮ ಸಾವಯವ ಗ್ರೂಪುಗಳಲ್ಲೇ ಹಂಚ್ತಾರೆ. ಹೋಗೋದಿಲ್ಲ. ಸಾವಯವ ಮಾಡೋ ನಮಗೆ ಆಮೇಲೆ ಹೊಡೆಯೋಕೆ ಔಷಧಿ ಇಲ್ಲ, ಹಾಗಾಗಿ ನಾವೇ ಹೆಚ್ಚು ಹುಷಾರಾಗಿರ್ಬೇಕು.

ಕಬ್ಬಿನವರಿಗೂ ಒಂದು ಮಾತು. ಕೂಳೆ ಬೆಳೆಯ ಕಬ್ಬು ಅಗ್ಗಕ್ಕೆ ಸಿಕ್ತು ಅಂತ ಬೀಜಕ್ಕೆ ತರಬೇಡಿ. ಬುಡದಲ್ಲಿ ಹುಲ್ಲಿನ ಹಾಗೆ ಬಿಳಿಚಿದ ಮರಿ ಬಂದಿರೋ ಹೊಲದಿಂದಂತೂ ಒಂದು ಕಣ್ಣೂ ಬೇಡ. ಬೀಜಕ್ಕಂತಲೇ ಸ್ವಲ್ಪ ಜಾಗ ಬಿಟ್ಟು ಬೆಳೆಸಿ, ಏಳೆಂಟು ತಿಂಗಳಲ್ಲೇ ಕಡಿದು ನೆಡಿ.

ತಾಯಿ ಒಳ್ಳೆಯದಾದ್ರೂ ಒಂದೇ ಸಾಲದು. ಉತ್ತರ ಪ್ರದೇಶದಲ್ಲಿ ಕೋ 0238 ಅನ್ನೋ ಕಬ್ಬಿನ ತಳಿ 2009ರಲ್ಲಿ ಬಂತು. ಇಳುವರಿಯೂ ಜಾಸ್ತಿ, ಸಕ್ಕರೆಯೂ ಜಾಸ್ತಿ. ಕೆಲವೇ ವರ್ಷದಲ್ಲಿ ಅಲ್ಲಿನ ಬಹುಪಾಲು ಹೊಲದಲ್ಲಿ ಅದೇ ಆಯ್ತು. ಆಮೇಲೆ ಕೆಂಪು ಕೊಳೆ ರೋಗ ಹೊಕ್ಕಿತು. ಎಲ್ಲ ಗಿಡವೂ ಒಂದೇ ಆದಾಗ ರೋಗಕ್ಕೆ ಎಲ್ಲೂ ತಡೆ ಸಿಗಲಿಲ್ಲ. ನಮ್ಮ ಜೋಯಿಡಾದ ಕುಣಬಿಯರ ಹಿತ್ತಲು ನೋಡಿ. ಅವರೂ ಗಡ್ಡೆಯ ತುಂಡನ್ನೇ ನೆಡೋದು, ಲ್ಯಾಬಿಲ್ಲ, ಹಾರ್ಮೋನ್ ಪುಡಿ ಇಲ್ಲ. ಆದ್ರೆ ಮುಡ್ಲಿ, ಕೆಸು, ಹೆಗ್ಗೆಣಸು ಅಂತ ಎಷ್ಟೊಂದು ಬಗೆ! ಜೋಯಿಡಾದ ಗಡ್ಡೆ ಗೆಣಸು ಮೇಳಕ್ಕೆ ಒಮ್ಮೆ ಹೋಗಿ ಬನ್ನಿ. ಯಾವ ಗಡ್ಡೆ ತಿನ್ನೋಕೆ, ಯಾವುದು ಬೀಜಕ್ಕೆ ಅಂತ ಅಲ್ಲಿನ ಅಜ್ಜಿಯರನ್ನ ಕೇಳಿದ್ರೆ, ನನ್ನ ಡಿಗ್ರಿಯಲ್ಲಿ ಸಿಗದ ಪಾಠ ಸಿಗುತ್ತೆ.

ಈಗ ನಾನು ಕಾಳುಮೆಣಸಿನ ಸಸಿ ಹೊರಗಿಂದ ತರೋದಿಲ್ಲ. ನವೆಂಬರ್-ಡಿಸೆಂಬರ್‌ನಲ್ಲಿ, ಕರೆ ತುಂಬ ಕಾಳು ಇರುವಾಗ, ತೋಟ ಸುತ್ತಿ ಒಳ್ಳೆ ಬಳ್ಳಿಗಳಿಗೆ ಬಣ್ಣ ಹಚ್ತೀನಿ. ಐದು ವರ್ಷ ದಾಟಿರ್ಬೇಕು, ಅಕ್ಕಪಕ್ಕ ಸೊರಗಿದ ಬಳ್ಳಿ ಇರಬಾರ್ದು. ಒಂದಲ್ಲ, ಹತ್ತಿಪ್ಪತ್ತು ಬಳ್ಳಿ ಆರಿಸ್ತೀನಿ, ಮಲ್ಲಿಗೆಸರವನ್ನೂ ಸೇರಿಸಿ. ಬುಡದಿಂದ ಹೊರಟು ನೆಲಕ್ಕೆ ಹರಿಯೋ ಬಳ್ಳಿಯನ್ನ ಬಿಡದೆ, ಒಂದು ಗೂಟಕ್ಕೆ ಸುತ್ತಿಡ್ತೀನಿ, ಮಣ್ಣು ತಾಗಿ ಬೇರು ಬಿಡಬಾರ್ದು ಅಂತ. ಫೆಬ್ರವರಿ-ಮಾರ್ಚ್‌ನಲ್ಲಿ ಕತ್ತರಿಸಿ, ಎಳೆ ತುದಿ, ಬಲಿತ ಬುಡ ಎರಡನ್ನೂ ಬಿಟ್ಟು, ನಡುವಿನ ಭಾಗದಲ್ಲಿ ಎರಡು-ಮೂರು ಗೆಣ್ಣಿನ ತುಂಡು ಮಾಡ್ತೀನಿ. ಕೊಟ್ಟೆ ತುಂಬೋ ಮಣ್ಣನ್ನ ಮೊದಲೇ ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಕಾಯಿಸಿ, ಟ್ರೈಕೋಡರ್ಮಾ ಕಲಸಿರ್ತೀನಿ. ಕಾಯಿ ಬಿಡೋ ಅಡ್ಡ ಟೊಂಗೆಯನ್ನ ನೆಟ್ಟರೆ ಅದು ಮರ ಹತ್ತೋದಿಲ್ಲ, ಕುಂಡದಲ್ಲಿ ಪೊದೆ ಮೆಣಸಾಗುತ್ತೆ. ಇದನ್ನ ತಿಳೀದೆ ಮೋಸ ಹೋದವರೂ ಇದಾರೆ.

ಹಳಿಯಾಳದ ಹುಡುಗನಿಗೆ ಇಷ್ಟನ್ನೂ ವಾಯ್ಸ್ ಮೆಸೇಜ್‌ನಲ್ಲಿ ಹೇಳಿದೆ. "ಅಷ್ಟೆಲ್ಲಾ ಕೇಳಿದ್ರ ಅವ್ರು ಸಸೀನೇ ಕೊಡಂಗಿಲ್ರಿ ಅಣ್ಣಾ" ಅಂದ. ಕೊಡದೆ ಹೋದ್ರೆ ಒಂದು ಹಂಗಾಮು ಹೋಗುತ್ತೆ ಅಂದೆ, ನನಗೆ ಮೂರು ಹೋಗಿತ್ತು.