ಯೆರೂಸಲೇಮಿನ ಯಾತ್ರೆಯೂ ಪರರ ಪುಣ್ಯಸ್ಥಳಗಳೂ

ಯೆರೂಸಲೇಮಿಗೆ ಹೋಗಿಬಂದವರು ನಮ್ಮ ಸಭೆಗಳಲ್ಲಿ ಈಗ ಹಿಂದಿನಷ್ಟು ವಿರಳರಲ್ಲ. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಬೇಕಾಗಿದ್ದ ಕಾಲವು ಹೋಗಿ, ದಸರೆಯ ರಜೆಯೊಳಗಾಗಿ ಹೋಗಿಬರುವ ಕಾಲವು ಬಂದಿದೆ. 2023ನೆಯ ಇಸವಿಯಲ್ಲಿ ಯುದ್ಧವು ಆರಂಭವಾದ ಮೇಲೆ ಯಾತ್ರಿಕರ ಸಂಖ್ಯೆಯು ಬಹಳವಾಗಿ ಇಳಿಯಿತಾದರೂ, ಹೋಗಬೇಕೆಂಬ ಆಶೆಯು ಇಳಿದಂತೆ ತೋರುವುದಿಲ್ಲ. ಹೋಗಿಬಂದವರನ್ನು ಏನೇನು ನೋಡಿದಿರೆಂದು ಕೇಳಿದರೆ ಬೇತ್ಲೆಹೇಮು, ಗೆತ್ಸೇಮನೆ ತೋಟ, ಎಣ್ಣೇಮರಗಳ ಗುಡ್ಡ, ಸಮಾಧಿ ಎಂದು ಬೆರಳು ಮಡಿಸುತ್ತಾರೆ. ಬಂಡೆಯ ಗುಮ್ಮಟದ ಅಂಗಳಕ್ಕೆ ಹೋಗಲಿಲ್ಲವೇ ಎಂದರೆ, "ಅದು ಮುಸಲ್ಮಾನರದಲ್ಲವೇ, ನಮಗೇತಕ್ಕೆ?" ಎನ್ನುತ್ತಾರೆ. ಈ ಉತ್ತರವನ್ನು ಕುರಿತೇ ನಾವು ಎರಡು ಮಾತು ಬರೆಯಬೇಕೆಂದಿದ್ದೇವೆ.

2018ನೆಯ ಇಸವಿಯ ದಸರೆಯ ರಜೆಯಲ್ಲಿ ನಾವೂ ನಮ್ಮ ಐವರು ಉಪಾಧ್ಯಾಯಿನಿಯರೂ ಅಲ್ಲಿಗೆ ಹೋಗಿದ್ದೆವು. ಪ್ರಾಕಾರದೊಳಗಿನ ಹಳೆಯ ನಗರವು ಸುಮಾರು ಒಂದು ಚದರ ಕಿಲೋಮೀಟರಿನಷ್ಟು ಮಾತ್ರವಿದೆ. ಯೆಹೂದ್ಯರು, ಕ್ರೈಸ್ತರು, ಮುಸಲ್ಮಾನರು ಎಂಬ ಮೂರು ಮತದವರ ಪರಮಪವಿತ್ರ ಸ್ಥಳಗಳು ಇಷ್ಟರೊಳಗೇ ಇವೆ. ಒಂದರಿಂದ ಮತ್ತೊಂದಕ್ಕೆ ಕಾಲ್ನಡಿಗೆಯಲ್ಲಿ ಕಾಲು ಗಂಟೆಯೂ ಹಿಡಿಯದು.

ಮೊದಲು ನಮ್ಮದರ ಮಾತು. ಪವಿತ್ರ ಸಮಾಧಿಯ ದೇವಾಲಯವು 335ರಲ್ಲಿ ಪ್ರತಿಷ್ಠೆಗೊಂಡು, 1009ರಲ್ಲಿ ಕೆಡವಲ್ಪಟ್ಟು, ಮತ್ತೆ ಕಟ್ಟಲ್ಪಟ್ಟದ್ದು. ಗ್ರೀಕರು, ರೋಮನ್ ಕಥೋಲಿಕರು, ಅರ್ಮೇನಿಯರು, ಕಾಪ್ಟರು, ಇಥಿಯೋಪ್ಯರು, ಸಿರಿಯನರು ಎಂಬ ಆರು ಸಭೆಯವರಿಗೆ ಅದರಲ್ಲಿ ಹಕ್ಕುಂಟು. ಯಾರ ದೀಪ ಎಲ್ಲಿ, ಯಾರು ಗುಡಿಸುವ ಮೆಟ್ಟಿಲು ಯಾವುದು ಎಂಬುದಕ್ಕೆಲ್ಲಾ ಕಟ್ಟುಕಟ್ಟಳೆಗಳಿವೆ. ಮುಂಬಾಗಿಲ ಮೇಲಿನ ಕಿಟಕಿಯ ಬಳಿ ಒಂದು ಮರದ ಏಣಿಯು 18ನೆಯ ಶತಮಾನದಿಂದಲೂ ಹಾಗೆಯೇ ನಿಂತಿದೆ. ಅದನ್ನು ತೆಗೆಯಲು ಎಲ್ಲರೂ ಒಪ್ಪಬೇಕು. 2008ರ ನವೆಂಬರಿನಲ್ಲಿ ಅರ್ಮೇನಿಯ ಮತ್ತು ಗ್ರೀಕ್ ಸನ್ಯಾಸಿಗಳು ಅಲ್ಲಿಯೇ ಕೈಕೈ ಮಿಲಾಯಿಸಿ, ಪೋಲೀಸಿನವರು ಬರಬೇಕಾಯಿತು. ಇದನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇವೆ. ಈ ದೇವಾಲಯದ ಬೀಗದ ಕೈಯನ್ನು ಕಾಪಾಡುವವರು ಜೂದೆ ಎಂಬ ಮುಸಲ್ಮಾನ ಮನೆತನದವರು. ಬಾಗಿಲನ್ನು ತೆರೆಯುವವರು ನುಸೈಬೆ ಎಂಬ ಮತ್ತೊಂದು ಮುಸಲ್ಮಾನ ಮನೆತನದವರು. ನಾವು ಮೊಣಕಾಲೂರುವ ಮನೆಗೆ ದಿನದಿನವೂ ಬಾಗಿಲು ತೆರೆಯುವ ಕೈ ಅವರದಾಗಿರುವಾಗ "ಅವರದು ನಮಗೇತಕ್ಕೆ" ಎಂದು ಹೇಳುವುದು ಹೇಗೆ?

(ಈ ಗದ್ದಲವನ್ನು ಸಹಿಸಲಾರದ ನಮ್ಮಂಥ ಪ್ರೊಟೆಸ್ಟೆಂಟರಿಗೆ ಪ್ರಾಕಾರದ ಹೊರಗಿನ ತೋಟದ ಸಮಾಧಿಯೇ ಹೆಚ್ಚು ಹಿಡಿಸುತ್ತದೆ. ಶಾಂತವಾದ ಸ್ಥಳವೆಂಬುದು ನಿಜ. ಆದರೆ ಆ ಸಮಾಧಿಯು ಯೇಸುಸ್ವಾಮಿಯವರ ಕಾಲಕ್ಕಿಂತ ಅನೇಕ ಶತಮಾನಗಳಷ್ಟು ಹಳೆಯದೆಂದು ಪ್ರಾಕ್ತನಶಾಸ್ತ್ರ ಬಲ್ಲವರಲ್ಲಿ ಬಹುಮಂದಿಯ ಅಭಿಪ್ರಾಯ.)

ಯೆಹೂದ್ಯರ ಪಶ್ಚಿಮದ ಗೋಡೆಯ ಬಳಿ ಸ್ತ್ರೀಯರ ಭಾಗವು ಬೇರೆ, ಪುರುಷರ ಭಾಗಕ್ಕಿಂತ ಚಿಕ್ಕದು. ಕಲ್ಲಿಗೆ ಹಣೆಯನ್ನಿಟ್ಟು ಅಳುತ್ತಿದ್ದ ವೃದ್ಧೆಯರನ್ನೂ, ಗೋಡೆಗೆ ಬೆನ್ನು ತೋರದೆ ಹಿಂಹೆಜ್ಜೆಯಿಟ್ಟು ಹಿಂದಿರುಗುವ ಹುಡುಗಿಯರನ್ನೂ ಅಲ್ಲಿ ಕಂಡೆವು. ನಮ್ಮನ್ನು ಯಾರೂ ತಡೆಯಲಿಲ್ಲ.

ತಡೆದದ್ದು ಮರುದಿನ. ಗುಮ್ಮಟದ ಅಂಗಳಕ್ಕೆ ಅನ್ಯಮತೀಯರು ಹೋಗುವುದು ಮುಗ್ರಬೀ ಬಾಗಿಲಿನಿಂದ. ಅಲ್ಲಿಯ ತಪಾಸಣೆಯಲ್ಲಿ ನಮ್ಮ ಕೈಚೀಲಗಳನ್ನು ಬಿಚ್ಚಿಸಿ, ಸತ್ಯವೇದವನ್ನು ಒಳಕ್ಕೆ ಒಯ್ಯಕೂಡದೆಂದರು. ನಮ್ಮ ತಂದೆಯವರು ಕೊಟ್ಟ, ಅಂಚು ಸವೆದ ಪುಸ್ತಕವದು. ತಪ್ಪು ಸಾಮಾನಿನಂತೆ ಅದನ್ನು ಮೇಜಿನ ಮೇಲೆ ಪಕ್ಕಕ್ಕಿಟ್ಟದ್ದನ್ನು ಕಂಡು ನಮಗೆ ಕೋಪ ಬಂತೆಂಬುದನ್ನು ಮರೆಮಾಚುವುದಿಲ್ಲ. ನಮ್ಮ ಪೈಕಿ ಹಿರಿಯ ಉಪಾಧ್ಯಾಯಿನಿಯೊಬ್ಬರು, "ನನ್ನ ಪುಸ್ತಕಕ್ಕೆ ಸ್ಥಳವಿಲ್ಲದ ಕಡೆ ನನಗೂ ಸ್ಥಳವಿಲ್ಲ, ಅಮ್ಮಾ, ನೀವು ಹೋಗಿಬನ್ನಿ" ಎಂದು ಎಲ್ಲರ ಪುಸ್ತಕಗಳನ್ನೂ ಮಡಿಲಲ್ಲಿಟ್ಟುಕೊಂಡು ಹೊರಗೇ ಕುಳಿತರು. ಆಕೆಯನ್ನು ತಪ್ಪೆನ್ನಲು ನಮಗೆ ಈಗಲೂ ಬಾಯಿ ಬಾರದು. ಆದರೆ ನಾವು ಒಳಕ್ಕೆ ಹೋದೆವು, ಹೋದದ್ದು ಸರಿಯೆಂದೇ ಎಣಿಸುತ್ತೇವೆ.

ಏಕೆಂದರೆ ಆ ನಿಯಮವು ಹಗೆತನದಿಂದ ಮಾತ್ರ ಹುಟ್ಟಿದ್ದಲ್ಲ. 1967ರ ತರುವಾಯ ನಡೆದುಬಂದ ಏರ್ಪಾಡಿನಂತೆ ಅನ್ಯರು ಅಲ್ಲಿ ನೋಡಬಹುದು, ಪ್ರಾರ್ಥಿಸಕೂಡದು. ಇದನ್ನು ಕುರಿತು ಈಚೆಗೆ ಬಹಳ ಕಲಹಗಳಾಗಿವೆ. ಪ್ರಾರ್ಥನೆಯು ಹಕ್ಕಾಗಿ, ಹಕ್ಕು ಸ್ವಾಧೀನವಾಗಿ ತಿರುಗೀತೆಂಬ ಭಯವೇ ಅದರ ಮೂಲ. ಈ ಭಯವನ್ನು ಮೊದಲು ಅರಿತುಕೊಂಡವನೂ ಒಬ್ಬ ಮುಸಲ್ಮಾನನೇ. 7ನೆಯ ಶತಮಾನದಲ್ಲಿ ಖಲೀಫ ಉಮರನು ನಗರಕ್ಕೆ ಬಂದಾಗ, ಸಮಾಧಿಯ ದೇವಾಲಯದಲ್ಲಿಯೇ ನಮಾಜು ಮಾಡಬಹುದೆಂದು ಸಭಾಪಿತೃವಾದ ಸೊಫ್ರೋನಿಯಸನು ಕರೆದನಂತೆ. ಉಮರನು ಒಪ್ಪದೆ, ತಾನು ಒಳಗೆ ಪ್ರಾರ್ಥಿಸಿದರೆ ಮುಂದೆ ತನ್ನವರು ಆ ಸ್ಥಳವನ್ನೇ ಕೇಳಿಯಾರೆಂದು ಹೊರಗೆ ಮೆಟ್ಟಿಲ ಮೇಲೆ ಪ್ರಾರ್ಥಿಸಿದನಂತೆ. ಇದನ್ನು 10ನೆಯ ಶತಮಾನದಲ್ಲಿ ಬರೆದಿಟ್ಟವನು ಯೂತಿಕಿಯಸನೆಂಬ ಕ್ರೈಸ್ತ ಬಿಷಪನು. ಕಥೆ ಎಷ್ಟರ ಮಟ್ಟಿಗೆ ನಿಜವೋ, ಕ್ರೈಸ್ತರೇ ಅದನ್ನು ಕೃತಜ್ಞತೆಯಿಂದ ಉಳಿಸಿಕೊಂಡು ಬಂದರು. ಪ್ರಾರ್ಥಿಸದೆ ನಿಲ್ಲುವುದೂ ಒಂದು ಗೌರವವೆಂದು ಆ ಅಂಗಳದಲ್ಲಿ ನಮಗೆ ತೋಚಿತು.

ಒಳಗೆ ಬಿಸಿಲು, ಕಲ್ಲುಹಾಸು, ಆಲಿವ್ ಮರಗಳು. ಗುಮ್ಮಟದ ಕೆಲಸವು 7ನೆಯ ಶತಮಾನದ ಕಡೆಯಲ್ಲಿ ಮುಗಿದದ್ದು; ಅದರೊಳಕ್ಕೆ ನಮಗೆ ಪ್ರವೇಶವಿರಲಿಲ್ಲ. ಮರದ ನೆರಳಿನಲ್ಲಿ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ಒಬ್ಬಾಕೆಯು ತನ್ನ ಮಗಳಿಗೆ ಓದಲು ಕಲಿಸುತ್ತಿದ್ದಳು, ಬೆರಳಿನಿಂದ ಅಕ್ಷರ ತೋರಿಸಿ, ನಮ್ಮ ಒಂದನೆಯ ತರಗತಿಯಲ್ಲಿ ಮಾಡುವಂತೆಯೇ.

ನಮ್ಮ ಶಾಲೆಯ ಪ್ರಾರ್ಥನಾಮಂದಿರಕ್ಕೆ ವಾರ್ಷಿಕೋತ್ಸವದ ದಿನ ಹಿಂದೂ ಮತ್ತು ಮುಸಲ್ಮಾನ ವಿದ್ಯಾರ್ಥಿನಿಯರ ತಾಯಂದಿರು ಬರುವುದುಂಟು. ನಾವು ಪಾದರಕ್ಷೆ ಮೆಟ್ಟಿಕೊಂಡೇ ಒಳಗೆ ಹೋಗುವವರು. ಅವರಾದರೋ, ಯಾರೂ ಹೇಳದೆಯೇ ಚಪ್ಪಲಿಗಳನ್ನು ಹೊಸ್ತಿಲ ಹೊರಗೆ ಸಾಲಾಗಿ ಬಿಟ್ಟು ಬರುತ್ತಾರೆ. ಇಷ್ಟು ವರ್ಷ ಅದನ್ನು ನೋಡಿಯೂ ನೋಡದಂತಿದ್ದೆವು.

ಇನ್ನು ಮುಂದೆ ಹೋಗತಕ್ಕ ಉಪಾಧ್ಯಾಯಿನಿಯರಿಗೆ ಒಂದು ಸೂಚನೆ. ಆ ಅಂಗಳಕ್ಕೆ ಹೊರಡುವ ದಿನ ಸತ್ಯವೇದವನ್ನು ಬೆಳಿಗ್ಗೆ ಓದಿ ತಂಗಿದಲ್ಲಿಯೇ ಇಟ್ಟು ಹೋಗಿರಿ. ತಲೆಗೆ ಸೆರಗು, ತುಂಬುತೋಳಿನ ರವಕೆ ಇರಲಿ. ಶುಕ್ರವಾರ ಶನಿವಾರಗಳಲ್ಲಿ ನೋಡಲು ಬಂದವರನ್ನು ಬಿಡುತ್ತಿರಲಿಲ್ಲ, ಮಿಕ್ಕ ದಿನಗಳಲ್ಲಿಯೂ ಹೊತ್ತು ಕೊಂಚವೇ. ಆದಕಾರಣ ಈಗಿನ ಸಮಯವನ್ನು ಮೊದಲೇ ವಿಚಾರಿಸಿಕೊಂಡು, ಬೇಗನೆ ಹೋಗಿ ಸಾಲಿನಲ್ಲಿ ನಿಲ್ಲಿರಿ.