ಗೊಬ್ಬರದ ಗುಂಡಿಯೂ ಬರಿಗಾಲೂ

ಮಳೆ ಹಿಂದೆಗೆದು ತುಲಾ ಮಾಸ ಬಂದಿತೆಂದರೆ ನಮ್ಮ ಕಾಸರಗೋಡಿನ ಕಡೆ ಮನೆಮನೆಯಲ್ಲೂ ಗೊಬ್ಬರದ ಗುಂಡಿಯನ್ನು ತೆರೆಯುತ್ತಾರೆ. ಹಟ್ಟಿಯ ಸೊಪ್ಪು, ಅಡಿಕೆಯ ಸೋಗೆ, ಅಡುಗೆಮನೆಯ ಕಸ ಎಲ್ಲವೂ ಕೊಳೆತು ಕಪ್ಪಾಗಿ ತೋಟಕ್ಕೆ ಹೊರಡಲು ಸಿದ್ಧವಾಗಿರುತ್ತವೆ. ಆ ಗೊಬ್ಬರದ ಗುಣದ ಬಗ್ಗೆ ನಮಗೆ ಸಂದೇಹವಿಲ್ಲ. ಅದರೊಳಗೆ ಇಳಿಯುವ ಕಾಲುಗಳ ಬಗ್ಗೆ ಮಾತ್ರ ಎರಡು ಮಾತು ಹೇಳಬೇಕಾಗಿದೆ.

ಕಳೆದ ವರ್ಷ ನಮ್ಮ ಶಾಲೆಯ ಕೈತೋಟದಲ್ಲಿ ಐದನೆಯ ತರಗತಿಯ ಹುಡುಗನೊಬ್ಬನು ಕುರುವಾಯಿಯ ಮರಿಹುಳುಗಳನ್ನು ಹೆಕ್ಕಲು ಬರಿಗಾಲಿನಲ್ಲೇ ಗುಂಡಿಗಿಳಿದನು. ಹಿಮ್ಮಡಿಗೆ ತುಕ್ಕುಹಿಡಿದ ಮೊಳೆ ಹೊಕ್ಕಿತು. ಬೈಗುಳಕ್ಕಂಜಿ ಸಂಜೆಯವರೆಗೂ ಬಾಯಿಬಿಡಲಿಲ್ಲ. ನಮಗೆ ತಿಳಿದ ಕೂಡಲೇ ಸಾಬೂನು ಹಚ್ಚಿ, ಧಾರೆನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಕರೆದೊಯ್ಯಲು ಹೊರಟೆವು. ಅಜ್ಜಿ ನಕ್ಕುಬಿಟ್ಟರು: "ನಮ್ಮ ಕಾಲದಲ್ಲಿ ಗಾಯಕ್ಕೆ ಸೆಗಣಿಯನ್ನೇ ಮೆತ್ತುತ್ತಿದ್ದೆವು ಮಾಷ್ಟ್ರೇ, ನಾವೇನು ಸತ್ತೆವೇ?"

ಸತ್ತವರು ಬಂದು ಸಾಕ್ಷಿ ಹೇಳಲಾರರಷ್ಟೆ. ಧನುರ್ವಾಯುವಿನ ಸೂಕ್ಷ್ಮಾಣು ದನಕರುಗಳ ಕರುಳಿನಲ್ಲಿಯೂ ಮಣ್ಣಿನಲ್ಲಿಯೂ ಇರುತ್ತದೆ. ಗಾಳಿಯಾಡದ ಆಳವಾದ ಗಾಯವೇ ಅದಕ್ಕೆ ಪ್ರಿಯವಾದ ಮನೆ. ಹೆಚ್ಚಾಗಿ 3ರಿಂದ 21 ದಿನಗಳೊಳಗೆ ದವಡೆ ಬಿಗಿಯತೊಡಗುತ್ತದೆ. ಅಷ್ಟರಲ್ಲಿ ಗಾಯ ಮಾಯ್ದು ಮರೆತೇ ಹೋಗಿರಲೂಬಹುದು. ನವಜಾತ ಶಿಶುಗಳ ಹೊಕ್ಕುಳಿಗೆ ಸೆಗಣಿ ಹಚ್ಚಿದುದರಿಂದಲೂ ಈ ರೋಗ ಬರುತ್ತಿತ್ತು. ತಾಯಂದಿರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಲ್ಲಿ ನಿವಾರಣೆಯಾಯಿತೆಂದು 2015ರಲ್ಲಿ ದೃಢಪಟ್ಟಿತು. ಅದು ಚುಚ್ಚುಮದ್ದಿನ ಮತ್ತು ಶುಚಿಯಾದ ಹೆರಿಗೆಯ ಫಲವೇ ಹೊರತು ಮಣ್ಣಿನಿಂದ ರೋಗಾಣು ತೊಲಗಿತೆಂದಲ್ಲ.

"ಗೊಬ್ಬರ ಬೆಂದಿದೆ, ಇನ್ನೇನು ಭಯ?" ಎಂದು ಕೇಳುವವರಿದ್ದಾರೆ. ಒಟ್ಟಿದ ರಾಶಿಯ ಒಡಲು 55ರಿಂದ 65 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುವುದುಂಟು. ಆಗಾಗ ಮಗುಚಿದರೆ ಅನೇಕ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಆದರೆ ಧನುರ್ವಾಯುವಿನ ಬೀಜಕಣಗಳು ಆ ಕಾವಿಗೆ ಜಗ್ಗುವುದಿಲ್ಲ. ನಮ್ಮ ಗುಂಡಿಗಳಾದರೋ ಹಲವು ಬೇಯುವುದೇ ಇಲ್ಲ, ಸುಮ್ಮನೆ ಕೊಳೆಯುತ್ತವೆ. ಮಕ್ಕಳಿಗೆ 10 ಮತ್ತು 16ನೆಯ ವಯಸ್ಸಿನಲ್ಲಿ ಚುಚ್ಚುಮದ್ದು ಸಿಗುತ್ತದೆ. ತೋಟದಲ್ಲಿ ದುಡಿಯುವ ಹಿರಿಯರನ್ನು ಕೇಳಿದರೆ ಕೊನೆಯ ಚುಚ್ಚುಮದ್ದು ಯಾವಾಗ ಎಂಬುದು ಯಾರಿಗೂ ನೆನಪಿಲ್ಲ. ಕೊಳಕು ಗಾಯವಾಗಿ, ಹಿಂದಿನ ಚುಚ್ಚುಮದ್ದಿಗೆ 5 ವರ್ಷ ಕಳೆದಿದ್ದರೆ, ಇಲ್ಲವೇ ನೆನಪೇ ಇಲ್ಲದಿದ್ದರೆ, ತಡಮಾಡದೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಬೂಷ್ಟು ಹಿಡಿದ ಬೈಹುಲ್ಲನ್ನು ಒಣಗಿದಂತೆಯೇ ಕೊಡವಬೇಡಿ. ಆ ಧೂಳು ವರ್ಷಾನುವರ್ಷ ಒಳಹೊಕ್ಕರೆ ಶ್ವಾಸಕೋಶವು ಕೆಡುತ್ತದೆ. ದಮ್ಮಿನವರಂತೂ ದೂರವೇ ಇರಬೇಕು. ಮೊದಲು ನೀರು ಚಿಮುಕಿಸಿ, ಮೂಗುಬಾಯಿಗೆ ಬಟ್ಟೆ ಕಟ್ಟಿ ಮಗುಚಿದರಾಯಿತು.

ಹುಡುಗನು ಚುಚ್ಚುಮದ್ದು ಹಾಕಿಸಿಕೊಂಡು ಮರುದಿನವೇ ಶಾಲೆಗೆ ಬಂದನು. ಗಾಜು, ತಗಡು, ಮೊಳೆಗಳಿಗೆ ಈಗ ಬೇರೆ ಡಬ್ಬಿ ಇಟ್ಟಿದ್ದೇವೆ. ಹುಳು ಹೆಕ್ಕಲು ತಂತಿಯ ಕೊಕ್ಕೆಯಿದೆ. ಗುಂಡಿಯ ಬಳಿಯ ಗೇರುಮರದಲ್ಲಿ ಎರಡು ಜೊತೆ ಗಂಬೂಟುಗಳು ತೂಗುತ್ತಿವೆ. ಚೇಳಿದ್ದೀತೆಂದು ಅವನ್ನು ಮೊದಲು ಕವುಚಿ ಬಡಿದೇ ಕಾಲು ತೂರಿಸಬೇಕೆಂಬುದನ್ನು ಈಗ ಅದೇ ಹುಡುಗನು ಕಿರಿಯರಿಗೆ ಕಲಿಸುತ್ತಿದ್ದಾನೆ.